ಆಷಾಢದಲ್ಲಿ ಹಾಲುಕ್ಕಿಸಿದ ವಸಂತಮ್ಮ

ಆಷಾಢ ಮಾಸದಲ್ಲಿ ಮನೆ ಕಟ್ಟಬಾರದು, ಮನೆ ಬದಲಾಯಿಸಬಾರದು ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಆ ಪುಣ್ಯಾತ್ಮನಿಗೆ ಸ್ವಂತ ಮನೆ ಇದ್ದಿರಬೇಕು. ಬಾಡಿಗೆ ಮನೆಯ ಸೂರು ತಲೆಯ ಮೇಲೆ ಬೀಳುವುದಕ್ಕೆ ಯಾವ ಮಾಸವೂ ಅಡ್ಡಿಯಿಲ್ಲ ಎಂಬುದು ಅವನಿಗೆ ಹೊಳೆದಂತಿಲ್ಲ.

ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿಗಳ ಹಿಂದೆ ಒಂದು ವಠಾರವಿತ್ತು. ವಸಂತಮ್ಮ ಮದುವೆಯಾಗಿ ಊರು ಬಿಟ್ಟು ಬಂದದ್ದು ಅಲ್ಲಿಗೇ. ಮಗಳು ಮಾನಸ ಹುಟ್ಟಿದ್ದು, ಓದಿದ್ದು, ಗಂಡನ ಮನೆಗೆ ಹೊರಟದ್ದು ಎಲ್ಲ ಅಲ್ಲಿನ ಒಂದೂವರೆ ಕೋಣೆಯಿಂದಲೇ. ಗಂಡ ಮಹದೇವು ಬೆಲ್ಲದ ಮಂಡಿಯಲ್ಲಿ ತೂಕ ಹಾಕುತ್ತಾನೆ. ಒಳ್ಳೆಯವನು, ಆದರೆ ಏನು ಹೇಳಿದರೂ ‘ನೋಡಾಣ’ ಎನ್ನುವುದು ಬಿಟ್ಟು ಬೇರೆ ಮಾತು ಕಲಿತವನಲ್ಲ. ವಸಂತಮ್ಮ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಲಕ್ಷ್ಮೀಪುರಂನ ಹೆಂಗಸರು ಮದುವೆ ಸೀರೆಗಳನ್ನು ಅವಳ ಹತ್ತಿರವೇ ಕಳಿಸುತ್ತಾರೆ, ಬೇರೆಯವರ ಕೈ ಅವರಿಗೆ ಒಪ್ಪುವುದಿಲ್ಲ.

ಆ ಮನೆಯ ಮಾಳಿಗೆ ಹಳೇ ಕಾಲದ್ದು. ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ. ನಡುವಿನ ದೊಡ್ಡ ತೊಲೆಗೆ ಗೆದ್ದಲು ಹತ್ತಿದ್ದು ವಸಂತಮ್ಮನಿಗೆ ತಿಳಿದದ್ದು ಸೀರೆಗಳಿಂದ. ಮಡಿಲಲ್ಲಿ ಹರಡಿಕೊಂಡ ರೇಷ್ಮೆಯ ಮೇಲೆ ಸಣ್ಣಗೆ ಪುಡಿ ಉದುರುತ್ತಿತ್ತು. ಕೆಲಸಕ್ಕೆ ಕೂರುವಾಗೊಮ್ಮೆ, ಏಳುವಾಗೊಮ್ಮೆ ಸೀರೆ ಕೊಡವುವುದು ಅವಳಿಗೆ ರೂಢಿಯಾಯಿತು. ವರ್ಷ ಕಳೆಯುವುದರಲ್ಲಿ ತೊಲೆ ನಡುವೆ ಬಗ್ಗಿತು.

ಮಾಲೀಕ ಮರಿಸ್ವಾಮಿ ಇರುವುದು ದಟ್ಟಗಳ್ಳಿಯಲ್ಲಿ. ಜಗಳಗಂಟನಲ್ಲ, ಬಾಯಿ ಬಿಟ್ಟರೆ ಬೆಣ್ಣೆ. ಜಗಳವಾಡಿದ್ದರೆ ಒಂದು ದಾರಿಯಾದರೂ ಕಾಣುತ್ತಿತ್ತು. ದಸರೆಗೆ ಮುಂಚೆ ಹೇಳಿದರೆ ‘ಪಿತೃಪಕ್ಷ ಕಣಮ್ಮ’ ಎಂದ. ಆಮೇಲೆ ಧನುರ್ಮಾಸ ಎಂದ. ಸಂಕ್ರಾಂತಿ ಕಳೆದ ಮೇಲೆ ಗಾರೆ ಕೆಲಸದವರು ಸಿಗುತ್ತಿಲ್ಲ ಎಂದ. ಕೊನೆಗೆ ಫೋಟೊ ಕಳಿಸಿ ಎಂದ. ಬಗ್ಗಿದ ತೊಲೆಯ ಫೋಟೊ ಕಳಿಸಿದರೆ ಮರುದಿನ ಬೆಳಗ್ಗೆ ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಎಂದು ಬಂತು. ಅವತ್ತಿನಿಂದ ದಿನಾ ಬೆಳಗ್ಗೆ ಒಂದು ಹೂವು ಬರುತ್ತಿತ್ತೇ ಹೊರತು ಗಾರೆಯವನು ಬರಲಿಲ್ಲ.

ವಠಾರದವರು ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಗೋಡೆಯಾಚೆಗಿದ್ದ ಯಶೋಧಾ ಕೂಡ ಅಶೋಕಪುರಂನಲ್ಲಿ ಅಪ್ಪ ಬಿಟ್ಟುಹೋದ ಮನೆಗೆ ಹೋದಳು. ಹೋಗುವಾಗ, “ಅಕ್ಕಾ, ಪಾಲಿಕೆಗೆ ಒಂದು ಅರ್ಜಿ ಕೊಡಿ. ಇಲ್ಲಾಂದ್ರೆ ನಮ್ಮನೆ ಕೆಳಗಡೆ ಎರಡು ರೂಮು ಖಾಲಿ ಅವೆ, ಬಂದ್ಬುಡಿ” ಎಂದಿದ್ದಳು. ಅರ್ಜಿ ಕೊಟ್ಟರೆ ಮನೆಗೆ ಬೀಗ ಜಡಿದು ತಮ್ಮನ್ನೇ ಬೀದಿಗೆ ಹಾಕಿಯಾರು ಎಂದು ವಸಂತಮ್ಮನಿಗೆ ಹೆದರಿಕೆ. ಇನ್ನು ಯಶೋಧಳ ಮನೆ. ಅವರು ಬೌದ್ಧರಾದ ದಲಿತರು, ಕೇರಿ ಅಶೋಕಪುರಂ. ಎಷ್ಟೋ ವರ್ಷ ಒಂದೇ ಗೋಡೆ ಹಂಚಿಕೊಂಡರೂ ವಸಂತಮ್ಮ ಅವಳ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದವಳಲ್ಲ. ‘ಈಗ ತಾನೆ ಕುಡಿದೆ ಕಣಮ್ಮ’ ಎನ್ನುತ್ತಿದ್ದಳು. ನೆಪ ಹೇಳುವ ವಿದ್ಯೆ ಮರಿಸ್ವಾಮಿಗೊಬ್ಬನಿಗೇ ಗೊತ್ತಿದ್ದದ್ದಲ್ಲ.

ಜ್ಯೇಷ್ಠದಲ್ಲಿ ಮಾನಸಳ ಸೀಮಂತವಾಯಿತು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತಂದು, ಕಿಟಕಿಯ ಗಾಳಿ ಬರಲೆಂದು ಮಂಚವನ್ನು ನಡುಮನೆಯಲ್ಲಿ, ಆ ತೊಲೆಯ ಕೆಳಗೇ ಹಾಕಿದರು. ಇನ್ನೆಲ್ಲಿ ಹಾಕುವುದು? ಅಡುಗೆಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ.

ಆಷಾಢ ಹುಟ್ಟಿದ ಎರಡನೇ ದಿನ ಮಾನಸ ಮುಖ ತೊಳೆಯಲು ಎದ್ದುಹೋಗಿದ್ದಳು. ಧಪ್ ಎಂದು ಸದ್ದಾಯಿತು. ವಸಂತಮ್ಮ ಬಂದು ನೋಡಿದರೆ ದಿಂಬಿನ ಮೇಲೆ, ಮಗಳ ತಲೆ ಇರಬೇಕಾದ ಕಡೆ, ತೆಂಗಿನಕಾಯಿ ಗಾತ್ರದ ಗಾರೆಯ ಹೆಂಟೆ. ಮಗಳಿಗೆ ಕಾಣದಂತೆ ಹೆಂಟೆಯನ್ನು ಸೆರಗಿನಲ್ಲಿ ಎತ್ತಿ ಹೊರಗೆ ಹಾಕಿದಳು.

ಮರಿಸ್ವಾಮಿ ಈ ಸಲ ಫೋನು ಎತ್ತಿದ. “ಅಯ್ಯೋ, ಈಗ ಆಷಾಢ ಅಲ್ವಾ ವಸಂತಮ್ಮ? ಮನೆ ಮುಟ್ಟಂಗಿಲ್ಲ. ಶ್ರಾವಣ ಬರ್ಲಿ, ಮೊದಲ ದಿನವೇ ಮಾಡಿಸ್ಬುಡ್ತೀನಿ” ಎಂದ. ಬೀಗಿತ್ತಿಯನ್ನು ಕೇಳಿದರೆ, “ಆಷಾಢದಲ್ಲಿ ತುಂಬು ಬಸುರೀನ ಮನೆ ಬದಲಾಯಿಸ್ತಾರಾ? ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?” ಎಂದರು. ಮಹದೇವು ‘ನೋಡಾಣ’ ಎಂದ. ವಸಂತಮ್ಮನ ಪಾಡು ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಇದ್ದರೆ ತೊಲೆ, ಹೋದರೆ ದೋಷ. ಅವಳೂ ಆಷಾಢವನ್ನು ನಂಬಿದವಳೇ. ಮಂಚವನ್ನು ಗೋಡೆಗೆ ಒತ್ತರಿಸಿ, ಹಗಲೆಲ್ಲ ಮೇಲೆ ನೋಡುತ್ತ ಕೂತಳು. ಅವತ್ತು ಕಟ್ಟಿದ ಕುಚ್ಚುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಶುಕ್ರವಾರ ಅವಳು ಬಸ್ಸು ಹತ್ತಿ ದಟ್ಟಗಳ್ಳಿಗೇ ಹೋದಳು. ಕಾಲಿಗೆ ಬಿದ್ದು ಕೇಳಿಕೊಳ್ಳುವುದು, ತೊಲೆಗೆ ಒಂದು ಆಸರೆ ಕಂಬವನ್ನಾದರೂ ಕೊಡಿಸಿ ಎನ್ನುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಬೀದಿ ತಿರುಗುತ್ತಿದ್ದಂತೆ ಕಾಂಕ್ರೀಟು ಕಲಸುವ ಯಂತ್ರದ ಗಡಗಡ ಕೇಳಿಸಿತು. ಮರಿಸ್ವಾಮಿಯ ಮನೆಯ ಎರಡನೇ ಮಹಡಿಗೆ ಮೋಲ್ಡ್ ಹಾಕುತ್ತಿದ್ದರು. ಆಳುಗಳು ಸಾಲಾಗಿ ನಿಂತು ಬಾಂಡಲಿ ದಾಟಿಸುತ್ತಿದ್ದರು. ಕೆಳಗೆ ಛತ್ರಿ ಹಿಡಿದು, ಹಣೆಗೆ ಚಾಮುಂಡಿ ಬೆಟ್ಟದ ಕುಂಕುಮ ಇಟ್ಟುಕೊಂಡು ಮರಿಸ್ವಾಮಿ ನಿಂತಿದ್ದ.

ವಸಂತಮ್ಮ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. “ಆಷಾಢ ಅಂದ್ರಲ್ಲ ಸ್ವಾಮಿ?” ಎಂದಳು.

ಮರಿಸ್ವಾಮಿ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆಮೇಲೆ ನಕ್ಕ. “ಇದು ಹೊಸ ಕೆಲ್ಸ ಅಲ್ಲ ಕಣಮ್ಮ. ಜ್ಯೇಷ್ಠದಲ್ಲೇ ಶುರುವಾಗಿದ್ದು. ಶುರುವಾಗಿರೋದನ್ನ ಮುಂದುವರಿಸಿದ್ರೆ ದೋಷ ಇಲ್ಲ.”

“ನಮ್ಮನೆ ಬೀಳೋದೂ ಜ್ಯೇಷ್ಠಕ್ಕಿಂತ ಮುಂಚೇನೇ ಶುರುವಾಗದೆ ಸ್ವಾಮಿ” ಎಂದಳು ವಸಂತಮ್ಮ.

ಬಾಂಡಲಿ ದಾಟಿಸುತ್ತಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಮರಿಸ್ವಾಮಿ ಒಳಗೆ ಹೋಗಿ ದೊನ್ನೆಯಲ್ಲಿ ಬೆಟ್ಟದ ಪ್ರಸಾದ ತಂದುಕೊಟ್ಟ. ಪ್ರಸಾದಕ್ಕೆ ಬೇಡ ಎನ್ನಬಾರದು, ಅವಳು ಕಣ್ಣಿಗೊತ್ತಿಕೊಂಡು ತಿಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಉಳ್ಳವನು ತನಗೆ ಬೇಕಾದಂತೆ ಬಗ್ಗಿಸಿಕೊಂಡ ಶಾಸ್ತ್ರದ ಕೆಳಗೆ ತಾನು ಹೆತ್ತ ಮಗಳನ್ನು ಮಲಗಿಸಿದ್ದಳಲ್ಲ! ಅವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಅಶೋಕಪುರಂಗೆ ಹೋದಳು.

ವಿಷಯ ಕೇಳಿ ಯಶೋಧಾ ಬಾಗಿಲಲ್ಲೇ ಕೈ ಹಿಡಿದುಕೊಂಡಳು. “ಯಾವತ್ತು ಬರ್ತೀರಕ್ಕಾ? ಹುಣ್ಣಿಮೆ ದಿನ ಬಂದ್ಬುಡಿ. ಆಷಾಢದ ಹುಣ್ಣಿಮೆ ಅಂದ್ರೆ ನಮಗೆ ದೊಡ್ಡ ದಿನ. ಬುದ್ಧ ಮೊದಲನೇ ಪಾಠ ಹೇಳಿದ್ದು ಅವತ್ತೇ.”

“ನಿಮಗೆ ಒಳ್ಳೇ ದಿನ ಆದ್ರೆ ನಮಗೂ ಅದೇ ಸರಿ ಕಣಮ್ಮ” ಎಂದಳು ವಸಂತಮ್ಮ. ಅವತ್ತು ಯಶೋಧಾ ಕೇಳುವ ಮೊದಲೇ, “ಒಂದು ಲೋಟ ಕಾಫಿ ಕೊಡು” ಎಂದಳು. ಯಶೋಧಾ ಒಳಗೆ ಹೋದಳು. ಕಾಫಿ ತರುವುದಕ್ಕೆ ಸ್ವಲ್ಪ ಹೊತ್ತಾಯಿತು, ತಂದಾಗ ಅವಳ ಕಣ್ಣು ಕೆಂಪಾಗಿದ್ದವು.

ಹುಣ್ಣಿಮೆಯ ಬೆಳಗ್ಗೆ ಮಹದೇವು ಮಂಡಿಯ ಗೂಡ್ಸ್ ಆಟೋ ತಂದ. ಬೀಗಿತ್ತಿ ಫೋನಿನಲ್ಲಿ ಅತ್ತರು, ಬೈದರು. ವಸಂತಮ್ಮ ಹೊಸ ಮನೆಯ ಒಲೆಯ ಮೇಲೆ ಹಾಲಿಟ್ಟಳು. ಉಕ್ಕುವ ತನಕ ಅವಳು ಪಾತ್ರೆಯಿಂದ ಕಣ್ಣು ಕೀಳಲಿಲ್ಲ. ಏನಾದರೂ ಆದರೆ ಜನ್ಮವಿಡೀ ತನ್ನ ಮೇಲೇ ಹೊರೆ ಎಂಬುದು ಅವಳಿಗೆ ಗೊತ್ತಿತ್ತು. ಹಾಲು ಉಕ್ಕಿತು. ವಾರದೊಳಗೆ ಮಾನಸಳಿಗೆ ಹೆಣ್ಣು ಮಗುವಾಯಿತು. ಮಗು ಗುಂಡುಕಲ್ಲಿನಂತಿದೆ ಎಂದು ಬೀಗಿತ್ತಿಯೇ ಬಂದು ಹೇಳಿ, ದೃಷ್ಟಿ ತೆಗೆದು ಹೋದರು.

ಶ್ರಾವಣಕ್ಕೆ ಇನ್ನೂ ನಾಲ್ಕು ದಿನವಿತ್ತು. ಮಹದೇವು ಮಧ್ಯಾಹ್ನವೇ ಮಂಡಿಯಿಂದ ಓಡಿಬಂದ. ಬೆಲ್ಲದ ಅಂಟು ಕೈಯಲ್ಲಿ ಹಾಗೇ ಇತ್ತು. ಬಾಗಿಲಲ್ಲಿ ಕುಸಿದು ಕೂತ.

“ವಸಂತಾ, ತೊಲೆ ಬಿದ್ದೋಯ್ತು. ನಾನೇ ಒಳಗೆ ಹೋಗಿ ನೋಡ್ದೆ. ಮೊದಲು ಮಂಚ ಇತ್ತಲ್ಲ, ಸರಿಯಾಗಿ ಅಲ್ಲಿಗೇ. ಗೋಡೆಗೆ ಒತ್ತರಿಸಿದ್ವಲ್ಲ, ಅಲ್ಲೂ ಬಿಟ್ಟಿಲ್ಲ ಕಣೇ.” ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮಾನಸ ಮಗುವನ್ನು ಎದೆಗೆ ಒತ್ತಿಕೊಂಡಳು. ವಸಂತಮ್ಮ ಗೋಡೆ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಸಂಜೆ ಮರಿಸ್ವಾಮಿಯ ಫೋನು ಬಂತು. “ಸುದ್ದಿ ಗೊತ್ತಾಯ್ತಾ ವಸಂತಮ್ಮ? ನೀವು ಖಾಲಿ ಮಾಡಿದ್ದೇ ಒಳ್ಳೇದಾಯ್ತು ಬುಡಿ. ತಾಯಿ ಚಾಮುಂಡಿ ದೊಡ್ಡವಳು ಕಣಮ್ಮ, ಕಾಪಾಡಿದ್ಲು.”

ವಸಂತಮ್ಮ ತೊಟ್ಟಿಲಲ್ಲಿದ್ದ ಮೊಮ್ಮಗಳನ್ನು ನೋಡಿದಳು.

“ತಾಯಿ ಕಾಪಾಡಿದ್ಲು, ನಿಜ ಸ್ವಾಮಿ. ಆದ್ರೆ ತೊಲೆ ಬದಲಾಯಿಸೋ ಕೆಲ್ಸ ತಾಯಿದಾಗಿರಲಿಲ್ಲ, ನಿಮ್ದಾಗಿತ್ತು” ಎಂದು ಹೇಳಿ ಫೋನು ಇಟ್ಟಳು.

ಮರುದಿನ ಬೆಳಗ್ಗೆ ಹೂವಿನ ಚಿತ್ರ ಬರಲಿಲ್ಲ.