ತೊರಗಲ್ ಬಾವಿಯ ತಿರುವುಮುರುವು ಅಂಕಿ

ತೊರಗಲ್ ಕೋಟೆಯ ಕೆಳಗಿನ ಒಂದು ಬಾವಿಯ ನೀರು ಒಂದೇ ದಿನದಲ್ಲಿ ಎರಡೂವರೆ ಮೀಟರ್ ಇಳಿದು, ಮರುದಿನ ಮತ್ತೆ ಅಷ್ಟೇ ಏರಿತು ಎಂದು ನನ್ನ ಕಂಪ್ಯೂಟರ್ ತೋರಿಸಿದಾಗ ನಾನು ಮೊದಲು ನಕ್ಕುಬಿಟ್ಟಿದ್ದೆ. ಮೂರನೆಯ ವಾರದ ಹೊತ್ತಿಗೆ ನಗು ಹೋಗಿ ತಲೆನೋವಷ್ಟೇ ಉಳಿದಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನಾನು ಬೈಲಹೊಂಗಲದ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಆಗ ಅಂತರ್ಜಲ ಅಳೆಯುವ ಒಂದು ಸಣ್ಣ ಯೋಜನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಕಿತ್ತೂರು, ಸಂಪಗಾಂವ, ಸಿರಸಂಗಿ, ತೊರಗಲ್ ಈ ನಾಲ್ಕು ಊರುಗಳಲ್ಲಿ ಒಂದೊಂದು ತೆರೆದ ಬಾವಿಗೆ ಅವರು ಯಂತ್ರ ಕೂಡಿಸಿದ್ದರು. ಬಾವಿಯ ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂಬುದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಆ ಯಂತ್ರ ದಿನಾ ಬೆಳಿಗ್ಗೆ ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ತಿಂಗಳಿಗೊಮ್ಮೆ ಅದರ ನೆನಪಿನ ಡಬ್ಬಿಯನ್ನು ಬಿಚ್ಚಿ ನನ್ನಲ್ಲಿಗೆ ತರುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಒಳಗಿನ ಅಂಕಿಗಳನ್ನು ಓದಿ, ಗ್ರಾಫ್ ತೆಗೆದುಕೊಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ಯಂತ್ರಗಳ ಮೇಲೆ ಪೂರ್ತಿ ನಂಬಿಕೆ ಬರುವತನಕ ಪ್ರತಿ ಬಾವಿಗೂ ಒಬ್ಬ ಮನುಷ್ಯನನ್ನೂ ನೇಮಿಸಿದ್ದರು. ಅವರು ದಿನಾ ಟೇಪು ಬಿಟ್ಟು ಅಳೆದು ವಹಿಯಲ್ಲಿ ಬರೆಯಬೇಕು. ತೊರಗಲ್ಲಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಹಳ್ಳಿಯ ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಒಬ್ಬ ಅಜ್ಜ. ಅವರ ವಹಿ ನೋಡಿದರೆ ಸಂತೋಷವಾಗುತ್ತಿತ್ತು. ಕನ್ನಡ ಅಂಕಿಗಳು, ಒಂದೂ ಕಾಟು ಹೊಡೆದದ್ದಿಲ್ಲ. ಜ್ವರ ಬಂದು ಹೋಗಲಾಗದ ದಿನ ‘ಜ್ವರ, ಅಳೆದಿಲ್ಲ’ ಎಂದು ಬರೆದು ಆ ಸಾಲನ್ನು ಖಾಲಿ ಬಿಡುತ್ತಿದ್ದರು.

ಮೂರು ಬಾವಿಗಳಲ್ಲಿ ಯಂತ್ರದ ಅಂಕಿಯೂ ವಹಿಯ ಅಂಕಿಯೂ ತಾಳೆಯಾದವು. ತೊರಗಲ್ಲಿನದು ಮಾತ್ರ ಆಗಲಿಲ್ಲ. ಅಲ್ಲಿಯ ಮೊದಲಿನ ಯಂತ್ರ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟು, ಹೊಸದೊಂದು ಬಂದಿತ್ತು. ಕಂಪನಿ ಅದೇ, ಡಬ್ಬಿಯೂ ಅಂಥದ್ದೇ, ಕೇಬಲ್ಲೂ ಅದೇ. ಅಜ್ಜನ ವಹಿಯಲ್ಲಿ ನೀರು ಐದು ಮೀಟರ್ ಹದಿಮೂರು, ಹದಿನಾಲ್ಕು, ಹದಿನಾಲ್ಕು, ಹದಿನೈದು ಎಂದು ಇರುವೆ ನಡೆದಂತೆ ಇಳಿಯುತ್ತ, ನಡುನಡುವೆ ಒಂದು ಸೆಂಟಿಮೀಟರ್ ಏರುತ್ತ ಇತ್ತು. ನನ್ನ ಪರದೆಯ ಮೇಲೆ ಅದೇ ದಿನಗಳಿಗೆ ಎರಡು ಮೀಟರ್ ಐವತ್ತೆಂಟು, ಐದು ಹದಿನಾಲ್ಕು, ಐದು ಹದಿನಾಲ್ಕು, ಏಳು ಎಪ್ಪತ್ತು. ಅಲ್ಲಲ್ಲಿ ಖಾಲಿ ಜಾಗ ಬೇರೆ. ಆ ಬಾವಿಯ ಒಟ್ಟು ಆಳ ಹನ್ನೆರಡು ಮೀಟರ್. ಅದಕ್ಕಿಂತ ದೊಡ್ಡ ಅಂಕಿ ಬಂದರೆ ಕಸವೆಂದು ತಿಳಿದು ಕೈಬಿಡುವಂತೆ ಪ್ರೋಗ್ರಾಂ ಬರೆದವಳು ನಾನೇ.

ಏನೇನು ಮಾಡಿದೆ ಎಂದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮೂರು ಕೇಬಲ್ ಬದಲಿಸಿದೆ. ಓದುವ ವೇಗ ಕಡಿಮೆ ಮಾಡಿದೆ. ಕರೆಂಟು ಹೋಗಿ ಬಂದು ಮಾಡುತ್ತಿದ್ದ ಹೊತ್ತದು. ಪ್ರೋಗ್ರಾಮನ್ನು ಅರ್ಧ ತಿದ್ದುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು, ಮತ್ತೆ ಮೊದಲಿನಿಂದ ತಿದ್ದಬೇಕು. ಎಸ್‌ಟಿಡಿ ಬೂತಿನಿಂದ ಕಂಪನಿಗೆ ಫೋನು ಮಾಡಿದರೆ ಪ್ರತಿ ಸಲವೂ ಬೇರೆ ಬೇರೆಯವರು ಎತ್ತುತ್ತಿದ್ದರು. ‘ನಿಮ್ಮ ಕಡೆಯ ಕರೆಂಟೇ ಸರಿ ಇಲ್ಲ ಮೇಡಂ’ ಎಂದು ಒಬ್ಬರು. ‘ನಮ್ಮ ಯಂತ್ರದಲ್ಲಿ ದೋಷವಿಲ್ಲ’ ಎಂದು ಇನ್ನೊಬ್ಬರು. ಹೊಸ ಯಂತ್ರದೊಳಗೆ ಏನು ಬದಲಾಗಿದೆ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬುದೇ ಉತ್ತರ.

ಕೊನೆಗೆ ನಾನೇ ಹೊರಟೆ. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಅಲ್ಲಿಂದ ಟೆಂಪೊ ಹಿಡಿದು ತೊರಗಲ್. ಅಜ್ಜ ಬಾವಿ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದರು. ‘ಬರ್ರಿ ಬಾಯಾರ, ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ’ ಎಂದರು. ನೀರು ಕುಡಿದು, ಅವರ ಟೇಪನ್ನು ನಾನೇ ಇಳಿಬಿಟ್ಟು ನೋಡಿದೆ. ಐದು ಮೀಟರ್ ಹದಿನಾಲ್ಕು ಸೆಂಟಿಮೀಟರ್. ಆ ಕ್ಷಣದ ಅಳತೆಯನ್ನು ಯಂತ್ರದಲ್ಲಿ ದಾಖಲಿಸುವ ಗುಂಡಿ ಒತ್ತಿ, ಡಬ್ಬಿ ಬಿಚ್ಚಿಕೊಂಡು ಊರಿಗೆ ಬಂದೆ.

ಮರುದಿನ ಕಂಪ್ಯೂಟರಿಗೆ ಜೋಡಿಸಿದೆ. ಕೊನೆಯ ಸಾಲಿನಲ್ಲಿ ಐದುನೂರಾ ಹದಿನಾಲ್ಕು. ನಾನು ಅಳೆದದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹಾಗಾದರೆ ಯಂತ್ರ ಸರಿ, ನನ್ನ ಪ್ರೋಗ್ರಾಮೂ ಸರಿ. ನೀರು ಅಷ್ಟು ಏರಿಳಿಯುವುದು ಯಾರೋ ಪಂಪು ಹಚ್ಚುತ್ತಿರುವುದರಿಂದ ಇರಬೇಕು. ಉಳಿದದ್ದು ಒಂದೇ, ಅಜ್ಜನ ವಹಿ. ಅವರು ಮನೆಯಲ್ಲಿ ಕುಳಿತು ಅಂದಾಜಿನಲ್ಲಿ ಬರೆಯುತ್ತಿರಬೇಕು. ಅದಕ್ಕೇ ಅಷ್ಟು ನೀಟಾಗಿದೆ, ಅದಕ್ಕೇ ಕಾಟು ಇಲ್ಲ. ಎರಡು ತಿಂಗಳಿನಿಂದ ಬೇಸತ್ತಿದ್ದ ನನಗೆ ಈ ಉತ್ತರ ತಂಪು ನೀರಿನಂತೆ ಇಳಿಯಿತು. ಅಂದೇ ಕುಳಿತು ವರದಿ ಬರೆದೆ: ‘ತೊರಗಲ್ ಬಾವಿಯ ಕೈಬರಹದ ದಾಖಲೆ ನಂಬಲು ಯೋಗ್ಯವಲ್ಲ. ಅಳತೆಗಾರರು ದಿನನಿತ್ಯ ಬಾವಿಗೆ ಹೋಗುತ್ತಿರುವಂತೆ ತೋರುವುದಿಲ್ಲ.’

ಯೋಜನೆಯ ಸಾಹೇಬರು ಸವದತ್ತಿಯಲ್ಲಿ ಕೂಡುತ್ತಿದ್ದರು. ವರದಿ ಅವರ ಕೈ ಸೇರಿದ ವಾರದೊಳಗೆ ಅಜ್ಜನಿಗೆ ಕಾಗದ ಹೋಯಿತು, ಇನ್ನು ಮುಂದೆ ಬರುವುದು ಬೇಡ ಎಂದು.

ಕಾಗದ ಮುಟ್ಟಿದ ಮೂರನೆಯ ದಿನ ಅಜ್ಜ ನನ್ನ ಕ್ಲಾಸಿನ ಮೆಟ್ಟಿಲು ಹತ್ತಿ ಬಂದರು. ಬಗಲಲ್ಲಿ ಬಿಳಿ ವಸ್ತ್ರದಲ್ಲಿ ಕಟ್ಟಿದ ವಹಿಗಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

‘ಬಾಯಾರ, ನಾ ಬಾವಿಗೆ ಹೋಗದ ಬರದೇನಿ ಅಂತ ನೀವ ಬರದೀರೇನ್ರಿ?’

‘ಅಜ್ಜಾರ, ನಾ ಬರದದ್ದಲ್ಲರಿ, ಯಂತ್ರ ಹಂಗ ಹೇಳಾಕತ್ತೈತಿ’ ಎಂದೆ.

‘ಯಂತ್ರಕ್ಕ ಏನ ಗೊತ್ತೈತ್ರಿ? ನೀರು ಒಂದ ದಿನದಾಗ ಅಷ್ಟ ಇಳದರ ನಮ್ಮ ಊರಾಗ ಹೆಣ್ಣಮಕ್ಕಳು ಸುಮ್ಮನಿರತಾರೇನು? ಅವರ ಹಗ್ಗಾ ಸಾಲದ ಬರತಿತ್ತಲ್ಲರಿ.’

ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ. ‘ನಾನೇ ಬಂದು ಅಳದು ನೋಡೇನಿ, ಯಂತ್ರ ಬರೋಬ್ಬರಿ ಐತಿ’ ಎಂದೆ. ಅವರು ವಹಿಗಳ ಗಂಟನ್ನು ನನ್ನ ಮೇಜಿನ ಮೇಲಿಟ್ಟರು.

‘ಇವನ್ನ ನೀವ ಇಟಗೋರಿ. ಮನ್ಯಾಗ ಕುಂತ ಬಾವಿ ಅಳಿಯಾಂವ ಅಂತ ಊರಾಗ ನಗಾಕತ್ತಾರ. ಇವು ಮನ್ಯಾಗ ಇದ್ದಷ್ಟೂ ನನಗ ಸಂಕಟ.’

ಚಹಾ ತರಿಸುತ್ತೇನೆ ಎಂದೆ. ಬ್ಯಾಡ ಎಂದು ಇಳಿದು ಹೋದರು.

ಗಂಟು ಮೂಲೆಯಲ್ಲಿ ಬಿದ್ದಿತ್ತು. ಬೇಸಿಗೆ ಏರಿತು. ತೊರಗಲ್ಲಿನ ಅಂಕಿಗಳು ಸುಧಾರಿಸುವ ಬದಲು ಪೂರ್ತಿ ನಿಂತೇಹೋದವು. ತಿಂಗಳ ತುಂಬ ಖಾಲಿ. ಸಾಹೇಬರು ಫೋನು ಮಾಡಿ ‘ಏನ್ ಮೇಡಂ, ಆ ಅಜ್ಜನ್ನ ಬಿಡಿಸಿದ್ವಿ, ಇನ್ನೂ ಗ್ರಾಫ್ ಬರವಲ್ದಲ್ಲ?’ ಎಂದರು. ಬಾವಿಯೊಳಗೆ ಇಳಿಬಿಟ್ಟ ಸೆನ್ಸರಿನ ವೈರು ಕೆಟ್ಟಿರಬೇಕು ಎಂದೆ. ವೈರು ಬದಲಿಸಿದರು. ಆದರೂ ಖಾಲಿಯೇ.

ಒಂದು ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು. ಮಕ್ಕಳನ್ನು ಮನೆಗೆ ಕಳಿಸಿ, ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದವಳು ಸುಮ್ಮನೆ ಆ ಗಂಟು ಬಿಚ್ಚಿದೆ. ಹಳೆಯ ಪ್ರಿಂಟನ್ನು ಪಕ್ಕದಲ್ಲಿಟ್ಟು ಪೆನ್ಸಿಲಿನಿಂದ ದಿನಕ್ಕೆ ದಿನ ಜೋಡಿಸತೊಡಗಿದೆ. ಅಜ್ಜನದು ಐದುನೂರಾ ಹದಿನಾಲ್ಕು ಇದ್ದ ದಿನವೆಲ್ಲ ಯಂತ್ರದ್ದೂ ಐದುನೂರಾ ಹದಿನಾಲ್ಕು. ಒಂದು ದಿನವೂ ತಪ್ಪಿಲ್ಲ. ಅಜ್ಜನದು ಹದಿನೈದಾದ ದಿನವೆಲ್ಲ ಯಂತ್ರದ್ದು ಏಳುನೂರಾ ಎಪ್ಪತ್ತು. ಹದಿನಾರಾದಾಗ ಸಾವಿರದ ಇಪ್ಪತ್ತಾರು. ಮನೆಯಲ್ಲಿ ಕುಳಿತು ಬರೆಯುವವನ ಸುಳ್ಳು ಯಂತ್ರದ ಜೊತೆ ಹೀಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದು ಹೇಗೆ? ಒಂದರಲ್ಲಿ ಇನ್ನೊಂದನ್ನು ಕಳೆದೆ. ಇನ್ನೂರಾ ಐವತ್ತಾರು. ಮತ್ತೆ ಕಳೆದೆ. ಮತ್ತೆ ಇನ್ನೂರಾ ಐವತ್ತಾರು.

ಕೈಯಲ್ಲಿನ ಪೆನ್ಸಿಲ್ ಅಲ್ಲೇ ನಿಂತಿತು. ಕಂಪ್ಯೂಟರಿನ ಕೆಲಸ ಮಾಡುವವರಿಗೆ ಆ ಅಂಕಿ ಸ್ವಂತ ಮನೆಯ ಬಾಗಿಲಿನಷ್ಟು ಪರಿಚಿತ. ಯಂತ್ರದ ನೆನಪಿನ ಒಂದು ಮನೆಯಲ್ಲಿ, ಅಂದರೆ ಒಂದು ಬೈಟಿನಲ್ಲಿ, ಇನ್ನೂರಾ ಐವತ್ತೈದರವರೆಗಿನ ಅಂಕಿ ಮಾತ್ರ ಹಿಡಿಯುತ್ತದೆ. ಅದಕ್ಕಿಂತ ದೊಡ್ಡದಾದರೆ ಎರಡು ಮನೆ ಬೇಕು. ಒಂದರಲ್ಲಿ ಇನ್ನೂರಾ ಐವತ್ತಾರು ಎಷ್ಟು ಸಲ ಎಂಬುದು, ಇನ್ನೊಂದರಲ್ಲಿ ಉಳಿದ ಚಿಲ್ಲರೆ. ಕೆಲವು ಪ್ರೊಸೆಸರುಗಳು ದೊಡ್ಡದನ್ನು ಮೊದಲು ಬರೆಯುತ್ತವೆ, ಕೆಲವು ಚಿಲ್ಲರೆಯನ್ನು ಮೊದಲು. ಹಳೆಯ ಮೂರು ಯಂತ್ರಗಳೂ ನನ್ನ ಕಂಪ್ಯೂಟರೂ ಚಿಲ್ಲರೆ ಮೊದಲಿನವು. ತೊರಗಲ್ಲಿನ ಹೊಸ ಯಂತ್ರದೊಳಗೆ ಬೇರೆ ಜಾತಿಯ ಪ್ರೊಸೆಸರ್ ಹಾಕಿದ್ದರು, ಅದು ದೊಡ್ಡದನ್ನು ಮೊದಲು ಬರೆಯುತ್ತಿತ್ತು. ನನ್ನ ಪ್ರೋಗ್ರಾಂ ಅದನ್ನು ತಿರುವುಮುರುವಾಗಿ ಓದುತ್ತಿತ್ತು. ಐದುನೂರಾ ಹದಿನೈದು ಎಂದರೆ ಎರಡು ಸಲ ಇನ್ನೂರಾ ಐವತ್ತಾರು, ಮೇಲೆ ಮೂರು. ತಿರುವಿದರೆ ಮೂರು ಸಲ, ಮೇಲೆ ಎರಡು: ಏಳುನೂರಾ ಎಪ್ಪತ್ತು. ನೀರು ಐದುನೂರಾ ಹದಿನೇಳಕ್ಕೆ ಇಳಿದರೆ ತಿರುವಿದ ಅಂಕಿ ಬಾವಿಯ ಆಳವನ್ನೇ ಮೀರುತ್ತಿತ್ತು, ನನ್ನ ಪ್ರೋಗ್ರಾಂ ಅದನ್ನು ಕೈಬಿಡುತ್ತಿತ್ತು; ಬೇಸಿಗೆಯ ಖಾಲಿ ತಿಂಗಳಿಗೆ ಅದೇ ಕಾರಣ. ಐದುನೂರಾ ಹದಿನಾಲ್ಕರಲ್ಲಿ ಮಾತ್ರ ಎರಡು ಸಲ, ಮೇಲೂ ಎರಡು. ಎತ್ತಲಿಂದ ಓದಿದರೂ ಅಷ್ಟೇ. ಸುತ್ತಮುತ್ತ ಇಂಥ ಅಂಕಿ ಅದೊಂದೇ, ನಾನು ತೊರಗಲ್ಲಿಗೆ ಹೋದ ದಿನ ನೀರು ಸರಿಯಾಗಿ ಅಲ್ಲೇ ನಿಂತಿತ್ತು.

ಡಿಪ್ಲೊಮಾದಲ್ಲಿ ಇದೇ ಪ್ರಶ್ನೆಗೆ ಎರಡು ಮಾರ್ಕಿನ ಉತ್ತರ ಬರೆದವಳು ನಾನು. ಆ ದೊಡ್ಡ ಅಂಕಿಗಳನ್ನು ಕಸವೆಂದು ಮುಚ್ಚಿಹಾಕದೆ ಹಾಗೇ ಕಣ್ಣಿಗೆ ಬೀಳಲು ಬಿಟ್ಟಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಒಂದೇ ದಿನ ಅಳೆದು ತೀರ್ಮಾನಿಸದೆ ಮತ್ತೊಂದು ದಿನ ಅಲ್ಲಿ ಉಳಿದಿದ್ದರೂ ಸಾಕಿತ್ತು. ನನ್ನ ಮೇಲೆಯೇ ಹತ್ತಿದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ, ಕರೆಂಟಿಲ್ಲದ ಆ ಕೋಣೆಯಲ್ಲಿ ಕುರ್ಚಿಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದೆ.

ಕರೆಂಟು ಬಂದ ಮೇಲೆ ತಿದ್ದಿದ್ದು ಎರಡೇ ಸಾಲು. ತೊರಗಲ್ಲಿನ ಡಬ್ಬಿಗೆ ಮಾತ್ರ ಎರಡು ಬೈಟುಗಳನ್ನು ಅದಲುಬದಲು ಮಾಡುವ ಸಾಲುಗಳು. ಖಾಲಿ ಜಾಗಗಳೆಲ್ಲ ತುಂಬಿದವು. ಅಜ್ಜನ ಅಷ್ಟೂ ತಿಂಗಳ ಅಂಕಿಗಳ ಮೇಲೆ ಯಂತ್ರದ ಗೆರೆ ಹೊಲಿಗೆ ಹಾಕಿದಂತೆ ಕೂತಿತು.

ಪ್ರಿಂಟು ಹಿಡಿದು ಸವದತ್ತಿಗೆ ಹೋದೆ. ಸಾಹೇಬರು ನೋಡಿ ಖುಷಿಪಟ್ಟರು. ‘ಸರಿ ಆತಲ್ಲ, ಛಲೋ ಆತು’ ಎಂದರು.

‘ಅಜ್ಜಾರದು ತಪ್ಪಿರಲಿಲ್ಲರಿ ಸರ್. ನಂದ ತಪ್ಪು. ಅವರನ್ನ ವಾಪಸ್ ಕರೀರಿ.’

‘ಯಂತ್ರ ಬರೋಬ್ಬರಿ ಐತಿ ಅಂದಮ್ಯಾಲೆ ಮನಿಶ್ಯಾ ಯಾಕ ಬೇಕ್ ಮೇಡಂ? ಉಳಿದ ಮೂರು ಮಂದೀನೂ ಬರೂ ತಿಂಗಳ ಬಿಡಸಾವ್ರ.’

ಅವರ ಹೆಸರಿನ ಮೇಲೆ ಕಪ್ಪು ಬಿದ್ದಿದೆ, ಒಂದು ಕಾಗದವನ್ನಾದರೂ ಬರೆಯಿರಿ ಎಂದೆ. ‘ಅದೆಲ್ಲಾ ಫೈಲ್ ಮುಗದ ಹೋಗೇತಿ. ಮತ್ತ ತಗದರ ಮ್ಯಾಲಿನವರು ನನಗ ಕೇಳತಾರ. ಬಿಡ್ರಿ’ ಎಂದರು. ಅರ್ಧ ತಾಸು ವಾದಿಸಿದೆ. ಕೊನೆಗೆ ಅವರು ಊಟಕ್ಕೆ ಎದ್ದು ಹೋದರು.

ಅಲ್ಲಿಂದ ವಾಪಸ್ ಬೈಲಹೊಂಗಲದ ಬಸ್ಸು ಹತ್ತದೆ ರಾಮದುರ್ಗದ ಬಸ್ಸು ಹತ್ತಿದೆ. ಅಜ್ಜ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ. ‘ಕುಂದರ್ರಿ’ ಎಂದರು. ಪ್ರಿಂಟು ಬಿಚ್ಚಿ ತೋರಿಸುತ್ತ ಎಲ್ಲವನ್ನೂ ಹೇಳಿದೆ. ಎರಡು ಮನೆ, ದೊಡ್ಡದು, ಚಿಲ್ಲರೆ ಎಂದರೆ ಅವರ ತಲೆಗೆ ಹತ್ತಲಿಲ್ಲ. ಆಮೇಲೆ, ‘ಕನ್ನಡದಾಗ ಇಪ್ಪತ್ತೈದು ಅಂದ್ರ ಇಪ್ಪತ್ತು ಮೊದಲ, ಐದು ಆಮ್ಯಾಲೆ. ಮರಾಠಿಯವರು ಐದು ಮೊದಲ ಅಂತಾರಲ್ಲರಿ, ಪಂಚವೀಸ್ ಅಂತ’ ಎಂದೆ.

ಅವರು ಶೇಂಗಾ ಬಿಟ್ಟು ತಲೆಯೆತ್ತಿದರು. ‘ಅಂದ್ರ ಯಂತ್ರ ಒಂದ ಭಾಷಾದಾಗ ಬರೀತು, ನೀವ ಇನ್ನೊಂದರಾಗ ಓದಿದಿರಿ.’

‘ಹೌದ್ರಿ.’

‘ಪೋಸ್ಟಿನ್ಯಾಗ ಇದ್ದಾಗ ಲಕೋಟಿ ಮ್ಯಾಲಿನ ಪತ್ತೆ ತಿಳೀಲಿಲ್ಲಂದ್ರ ಬರದವರನ್ನ ಕೇಳತಿದ್ದೆ ನಾ’ ಎಂದರು. ಮಡಿಲಿನ ಶೇಂಗಾ ಸಿಪ್ಪೆ ಝಾಡಿಸಿ ಎದ್ದು, ‘ನನಗೊಬ್ಬನಿಗೆ ಹೇಳಿದ್ರ ಏನ ಬಂತರಿ? ಹೋಟೆಲಿನ ಕಡೆ ಬರ್ರಿ’ ಎಂದು ಚಪ್ಪಲಿ ಮೆಟ್ಟಿದರು.

ಊರ ಬಾಗಿಲ ಹತ್ತಿರದ ಚಹಾದ ಹೋಟೆಲಿನಲ್ಲಿ ಐದಾರು ಜನರಿದ್ದರು. ಎಲ್ಲರೆದುರು ನಿಂತು ನಾನು ಮತ್ತೆ ಅಷ್ಟನ್ನೂ ಹೇಳಿದೆ. ಯಾರಿಗೂ ಪೂರ್ತಿ ತಿಳಿಯಲಿಲ್ಲ ಎಂದು ಅವರ ಮುಖದಿಂದಲೇ ಗೊತ್ತಾಯಿತು. ಒಬ್ಬರು ನಡುವೆಯೇ ಕೇಳಿದರು: ‘ಅದೆಲ್ಲಾ ಇರಲಿ ತಂಗಿ, ತಪ್ಪು ಯಾರದು?’

‘ನಂದ್ರಿ’ ಎಂದೆ. ‘ಅಜ್ಜಾರು ದಿನಾ ಬಾವಿಗೆ ಹೋಗಿ ಅಳದಾರ. ಒಂದ ದಿನಾನೂ ತಪ್ಪ ಬರದಿಲ್ಲ.’

ಅಜ್ಜ ಎರಡು ಚಹಾ ಹೇಳಿದರು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕುಡಿದೆವು.

ಅದಾದ ಮೇಲೆ ನಾನೇ ಸಹಿ ಮಾಡಿ ಯೋಜನೆಯ ಮೇಲಿನ ಆಫೀಸಿಗೆ ಪತ್ರ ಬರೆದೆ. ತಿಂಗಳುಗಳ ನಂತರ ‘ಗಮನಿಸಲಾಗಿದೆ’ ಎಂಬ ಒಂದೇ ಪದದ ಉತ್ತರ ಬಂತು. ಅಜ್ಜನಿಗೆ ಕೆಲಸ ತಿರುಗಿ ಬರಲಿಲ್ಲ. ಕೊಟ್ಟರೂ ಮಾಡುವುದಿಲ್ಲ ಎಂದು ಅವರು ಅಂದೇ ಹೇಳಿದ್ದರು. ನನ್ನ ಪ್ರೋಗ್ರಾಮಿನಲ್ಲಿ ಹೊಸದೊಂದು ಷರತ್ತು ಸೇರಿಸಿದೆ: ಬೇರೆ ಬೇರೆ ಎರಡು ದಿನ ಮನುಷ್ಯರು ಟೇಪು ಬಿಟ್ಟು ಅಳೆದ ಅಂಕಿ ತುಂಬದಿದ್ದರೆ ಅದು ಯಾವ ಡಬ್ಬಿಯನ್ನೂ ಓದುವಂತಿರಲಿಲ್ಲ. ಪ್ರತಿ ತಿಂಗಳೂ ಬಾವಿಗೆ ಜನ ಕಳಿಸಬೇಕಾಗುತ್ತದೆ ಎಂದು ಸಾಹೇಬರು ಬೇಜಾರುಪಟ್ಟರು. ಮುಂದಿನ ವರ್ಷ ಆ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಅವರು ಮೊದಲು ಮಾಡಿದ್ದು ಆ ಷರತ್ತನ್ನು ತೆಗೆದುಹಾಕಿದ್ದು ಎಂದು ಆಮೇಲೆ ಕೇಳಿದೆ.