ಕೆಂಪು ಬೈಕು ಮತ್ತು ಹಲ್ಲಿನ ಡಾಕ್ಟರು

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಆಸ್ಟ್ರೇಲಿಯಾಕ್ಕೆ ಬಂದ ಮೊದಲ ಮೂರು ವರ್ಷ ಈ ಮಾತನ್ನು ಜೋರಾಗಿ ಹೇಳುವ ಹಾಗಿರಲಿಲ್ಲ. ಮೈಸೂರಿನಲ್ಲಿ ಒಂಬತ್ತು ವರ್ಷ ಸ್ವಂತ ಕ್ಲಿನಿಕ್ ನಡೆಸಿದವಳು, ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಯಾರ ಹಲ್ಲನ್ನೂ ಮುಟ್ಟುವಂತಿರಲಿಲ್ಲ. ಅದಕ್ಕೇ ಇಪ್ಸ್‌ವಿಚ್‌ನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಸೇರಿಕೊಂಡಳು. ರೋಗಿಯ ಬಾಯಲ್ಲಿ ಎಂಜಲು ಹೀರುವ ಕೊಳವೆ ಹಿಡಿದು ನಿಲ್ಲುವುದು, ಕೇಳಿದ ಉಪಕರಣ ಕೈಗೆ ಕೊಡುವುದು, ಕೊನೆಗೆ ಎಲ್ಲವನ್ನೂ ತೊಳೆದಿಡುವುದು ಅವಳ ಕೆಲಸ. ಅಲ್ಲಿನ ದಂತವೈದ್ಯೆ ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಒಳ್ಳೆಯ ಹುಡುಗಿ. ಒಳ್ಳೆಯವಳಾದ್ದರಿಂದ ಅವಳನ್ನು ಬೈದುಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಎರಡು ಭಾಗ. ಬರೆಯುವುದನ್ನು ಇವಳು ಒಂದೇ ಸಲಕ್ಕೆ ಪಾಸು ಮಾಡಿದಳು. ಕೈಕೆಲಸದ ಪರೀಕ್ಷೆಯಲ್ಲಿ ಫೇಲಾದಳು. ಸಾವಿರಾರು ಹಲ್ಲುಗಳನ್ನು ನೋಡಿದ ಕೈ ಪ್ಲಾಸ್ಟಿಕ್ ಹಲ್ಲಿನ ಮುಂದೆ ನಡುಗಿತಂತೆ. ಫಲಿತಾಂಶ ಬಂದ ವಾರವೆಲ್ಲ ಕ್ಯಾಲಮ್‌ವೇಲ್‌ನ ನಮ್ಮ ಮನೆಯಲ್ಲಿ ಅಡುಗೆ ನನ್ನದೇ. ಆ ವಾರದ ಸಾರು ಹೇಗಿತ್ತು ಎಂದು ಅವಳು ಹೇಳಲಿಲ್ಲ. ಅವಳು ಹೇಳಲಿಲ್ಲವಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮುಂದಿನ ಶುಕ್ರವಾರ ಮಧ್ಯಾಹ್ನ ಫೋನು ಬಂತು.

“ರೀ, ಒಂದ್ ಬೈಕ್ ಸಿಕ್ಕಿದೆ. ಬಿಟ್ಟಿ. ನೀವು ಬೇಗ ಬನ್ನಿ, ಇಲ್ಲಾಂದ್ರೆ ಬೇರೆ ಯಾರಾದ್ರೂ ಎತ್ಕೊಂಡ್ ಹೋಗ್ಬಿಡ್ತಾರೆ.”

ಇಲ್ಲಿ ಸೈಕಲ್ಲಿಗೂ ಬೈಕ್ ಅನ್ನುತ್ತಾರೆ. ವ್ಯಾಯಾಮ ಮಾಡುವ ಮನಸ್ಸಾಗಿದೆ, ಸೈಕಲ್ ನೋಡಿದ್ದಾಳೆ ಎಂದುಕೊಂಡು ನಾನು ಸಂತೋಷದಿಂದ ಎರಡು ಮಾರು ಹಗ್ಗ ತೆಗೆದುಕೊಂಡು ಹೋದೆ. ಇಪ್ಸ್‌ವಿಚ್‌ನ ಒಂದು ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಹುಲ್ಲಿನ ಮೇಲೆ ಹಳೆಯ ಸೋಫಾ, ಮುರಿದ ತೊಟ್ಟಿಲು, ಅವುಗಳ ಪಕ್ಕದಲ್ಲಿ ಪೋಸ್ಟ್‌ಮನ್‌ಗಳು ಓಡಿಸುವ ಸಣ್ಣ ಕೆಂಪು ಮೋಟಾರ್ ಬೈಕು. ಇಲ್ಲಿ ಅದನ್ನು ‘ಪೋಸ್ಟಿ ಬೈಕ್’ ಅನ್ನುತ್ತಾರೆ. ಅಂಚೆಯ ಕೆಲಸ ಮುಗಿಸಿದ ಮೇಲೆ ಇವು ಹರಾಜಾಗಿ, ಕೈಯಿಂದ ಕೈಗೆ ದಾಟಿ, ಇಂಥ ಮನೆಗಳ ಹಿತ್ತಲುಗಳಲ್ಲಿ ಕೊನೆಯ ದಿನಗಳನ್ನು ಕಳೆಯುತ್ತವೆ. ಇದರ ಕೆಂಪು ಬಿಸಿಲಿಗೆ ಬೆಳ್ಳಗಾಗಿತ್ತು. ಸೀಟಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಚೈನು ತುಕ್ಕು ಹಿಡಿದು ಕಬ್ಬಿಣದ ಸರಳಿನಂತೆ ನೆಟ್ಟಗೆ ನಿಂತಿತ್ತು.

“ಇದನ್ನ ಏನ್ ಮಾಡ್ತೀಯೇ?” ಎಂದೆ.

“ಸರಿ ಮಾಡ್ತೀನಿ.”

“ನಿಂಗೆ ಬೈಕ್ ಬಗ್ಗೆ ಏನ್ ಗೊತ್ತು?”

“ಕೊಳೆತಿರೋದನ್ನ ತೆಗೀಬೇಕು, ಚೆನ್ನಾಗಿರೋದನ್ನ ಉಳಿಸ್ಬೇಕು. ಅಷ್ಟೇ ತಾನೆ?”

ಮನೆಯವರು ಹಳೆಯ ಕಾಗದಪತ್ರಗಳನ್ನೂ ಕೊಟ್ಟು ಕೈಕುಲುಕಿದರು. ಅವರ ಮುಖದ ಮೇಲಿದ್ದ ನೆಮ್ಮದಿ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನನ್ನ ಹಗ್ಗ ಕೆಲಸಕ್ಕೆ ಬರಲಿಲ್ಲ. ಸಂಜೆ ಟ್ರೈಲರ್ ಬಾಡಿಗೆಗೆ ತಂದು ಬೈಕನ್ನು ಮನೆಗೆ ಸಾಗಿಸಿದೆವು.

ನಮ್ಮ ಗ್ಯಾರೇಜಿನಲ್ಲಿ ಕಾರು ಯಾವತ್ತೂ ನಿಂತಿದ್ದಿಲ್ಲ. ಅಲ್ಲಿ ಸೋನಾ ಮಸೂರಿ ಅಕ್ಕಿ ಮೂಟೆಗಳು, ಗ್ರೈಂಡರು, ಊರಿಂದ ಬಂದವರ ಸೂಟ್‌ಕೇಸುಗಳು. ಅವನ್ನೆಲ್ಲ ಒಂದು ಗೋಡೆಗೆ ಒತ್ತರಿಸಿ ನಡುವೆ ಬೈಕನ್ನು ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ನೆಲದ ಮೇಲೆ ಬಿಳಿ ಬೆಡ್‌ಶೀಟು ಹಾಸಿದ್ದಳು. ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಸಾಲಾಗಿ ಇಟ್ಟು, ಪಕ್ಕದಲ್ಲಿ ಚೀಟಿ ಬರೆದಿದ್ದಳು. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್, ಹಣೆಗೆ ಕ್ಲಿನಿಕ್ಕಿನ ಭೂತಗನ್ನಡಿ. ಬೈಕು ಬಾಯಿ ತೆರೆದುಕೊಂಡು ಮಲಗಿದ ಹಾಗೆ ಕಂಡಿತು. ನೋವಾದರೆ ಎಡಗೈ ಎತ್ತು ಎಂದು ಅದಕ್ಕೆ ಹೇಳುತ್ತಾಳೇನೋ ಎಂದು ಒಂದು ಕ್ಷಣ ಕಾದೆ.

ನನಗೆ ಕೊಟ್ಟ ಕೆಲಸ ಟಾರ್ಚು ಹಿಡಿಯುವುದು.

ಹೇಳಿಕೊಳ್ಳಬೇಕು, ನಾನು ಬೈಕಿನ ವಿಷಯದಲ್ಲಿ ದಡ್ಡನಲ್ಲ ಎಂಬ ನಂಬಿಕೆ ನನಗಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಬೈಕು ಓಡಿಸಿದ್ದೆ, ಎರಡು ಸಲ ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದೆ. ಈಗ ಸಾಫ್ಟ್‌ವೇರಿನಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ. ಈ ಅನುಭವವನ್ನೆಲ್ಲ ಅವಳ ಮುಂದಿಟ್ಟೆ. ಅವಳು ಗಮನವಿಟ್ಟು ಕೇಳಿ, “ಟಾರ್ಚ್ ಸ್ವಲ್ಪ ಎಡಕ್ಕೆ,” ಎಂದಳು.

ಮೂರನೆಯ ಶನಿವಾರ ನನಗೆ ರೇಗಿತು. ಎರಡು ಗಂಟೆಯಿಂದ ಬಗ್ಗಿ ನಿಂತು ಸೊಂಟ ಹಿಡಿದಿತ್ತು. “ನಾನೇನು ದೀಪದ ಕಂಬಾನಾ? ಒಂದ್ ಬೋಲ್ಟಾದ್ರೂ ಬಿಚ್ಚೋಕೆ ಕೊಡು. ಸುಮ್ನೆ ನಿಂತು ಇನ್ನೊಬ್ರು ಕೆಲಸ ಮಾಡೋದನ್ನ ನೋಡ್ತಾ ಇದ್ರೆ ತಲೆ ಕೆಟ್ಟೋಗುತ್ತೆ,” ಎಂದೆ.

ಅವಳು ತಲೆ ಎತ್ತಿದಳು. ಭೂತಗನ್ನಡಿಯ ಹಿಂದೆ ಅವಳ ಕಣ್ಣು ಇಷ್ಟು ದೊಡ್ಡದಾಗಿ ಕಂಡಿತು.

“ಗೊತ್ತಾಯ್ತಾ ಈಗ?” ಎಂದಳು. “ವಾರಕ್ಕೆ ಐದು ದಿನ ನನ್ ಕೆಲಸ ಇದೇ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿದಳು. ನಾನು ಟಾರ್ಚನ್ನು ಇನ್ನೂ ಸ್ವಲ್ಪ ಎಡಕ್ಕೆ ಹಿಡಿದೆ. ಆ ಮೂರು ವರ್ಷದಲ್ಲಿ ದಿನಾ ಸಂಜೆ ‘ಹೇಗಿತ್ತು ಇವತ್ತು?’ ಎಂದು ಕೇಳಿ, ‘ಹೂಂ, ಇತ್ತು’ ಎಂಬ ಉತ್ತರ ಪಡೆದು, ಟಿವಿ ಹಾಕಿಕೊಂಡವನು ನಾನು. ಹೂಂ ಅಂದರೆ ಏನೆಂದು ಅವತ್ತು ಸೊಂಟಕ್ಕೆ ತಿಳಿಯಿತು.

ಬಹುಶಃ ಕನಿಕರಪಟ್ಟು, ಮಧ್ಯಾಹ್ನ ನನಗೂ ಒಂದು ಬೋಲ್ಟು ಕೊಟ್ಟಳು. ಎಂಜಿನ್ನಿನ ಪಕ್ಕದ ಮುಚ್ಚಳದ್ದು. ಉತ್ಸಾಹದಿಂದ ಸ್ಪ್ಯಾನರ್ ಹಾಕಿ ತಿರುಗಿಸಿದೆ. ‘ಟಕ್’ ಎಂದಿತು. ಬೋಲ್ಟಿನ ತಲೆ ನನ್ನ ಕೈಗೆ ಬಂತು, ಮಿಕ್ಕಿದ್ದು ಎಂಜಿನ್ನಿನೊಳಗೇ ಉಳಿಯಿತು. ಎಷ್ಟೋ ವರ್ಷದಿಂದ ಯಾರ ತಂಟೆಗೂ ಹೋಗದೆ ಕೂತಿದ್ದ ಬೋಲ್ಟದು. ಅವಳು ಬೈಯುತ್ತಾಳೆಂದು ಕಾದೆ. ಅವಳು ನೋಡಿದಳು, ಮುಖ ಅರಳಿತು!

“ಅಯ್ಯೋ, ಬೇರು ಒಳಗೇ ಉಳ್ಕೊಂಡಿದೆ,” ಎಂದಳು, ಹಬ್ಬದೂಟಕ್ಕೆ ಕರೆ ಬಂದವರ ಹಾಗೆ.

ಮೂರು ದಿನ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಳು. ಆಮೇಲೆ ಮುರಿದ ಬೋಲ್ಟಿನ ನಡುವಿಗೆ ಸಣ್ಣ ತೂತು ಕೊರೆದಳು. ಎಡಕ್ಕೆ ತಿರುಗಿಸಿದಷ್ಟೂ ಕಚ್ಚಿಕೊಳ್ಳುವ ಉಲ್ಟಾ ತಿರುಪಿನ ಒಂದು ಮೊಳೆಯನ್ನು ಅದರೊಳಕ್ಕೆ ಇಳಿಸಿ, ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ತಿರುಗಿಸುತ್ತ ಹೋದಳು. ಬಾಯಲ್ಲಿ ‘ಆಯ್ತು ಆಯ್ತು, ಮುಗೀತು’ ಎಂದು ಯಾರಿಗೋ ಸಮಾಧಾನ ಹೇಳುತ್ತಿದ್ದಳು. ಬೋಲ್ಟು ಕೊನೆಗೆ ತಾನಾಗಿಯೇ ಎದ್ದು ಬಂದಂತೆ ಬಂತು. ಒಳಗಿನ ತಿರುಪಿನ ಗೆರೆಗಳಿಗೆ ಒಂದು ಗೀರೂ ಆಗಿರಲಿಲ್ಲ. ಅವಳ ಕೈ ನೋಡಿದೆ. ಅದು ನಡುಗುತ್ತಿರಲಿಲ್ಲ.

ಕಾರ್ಬ್ಯುರೇಟರ್ ತೆರೆದಾಗ ಒಳಗೆ ಪೆಟ್ರೋಲು ಹಸಿರು ಅಂಟಾಗಿ ಕೂತಿತ್ತು. ಪೆಟ್ರೋಲು ಹಾಯುವ ಸಣ್ಣ ತೂತು ಪೂರ್ತಿ ಮುಚ್ಚಿಹೋಗಿತ್ತು. ಅದಕ್ಕೆ ತಂತಿ ಹಾಕಬಾರದು, ತೂತು ದೊಡ್ಡದಾದರೆ ಕೆಟ್ಟಿತು ಎಂದು ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೇಳಿದ್ದರು. ನಾನು ಅದನ್ನು ಓದಿ ಹೇಳಿದೆ. ಅವಳು ಒಳಗೆ ಹೋಗಿ ಕಾಲೇಜು ದಿನಗಳ ಡಬ್ಬಿ ತಂದಳು. ಅದರಲ್ಲಿ ಹಲ್ಲಿನ ಬೇರಿನ ನಾಳ ಸ್ವಚ್ಛ ಮಾಡುವ ಸೂಜಿಗಳು, ಕೂದಲಿನಷ್ಟು ಸಣ್ಣವು. “ಗೋಡೆ ಎಲ್ಲಿದೆ ಅಂತ ನನ್ ಬೆರಳಿಗೆ ಗೊತ್ತಾಗುತ್ತೆ ರೀ,” ಎಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದಳು. ಹತ್ತು ನಿಮಿಷದ ನಂತರ ಅದನ್ನು ಬೆಳಕಿಗೆ ಹಿಡಿದರೆ ಆ ಕಡೆಯ ಆಕಾಶ ಒಂದು ಚುಕ್ಕಿಯಾಗಿ ಕಂಡಿತು.

ಅಷ್ಟರಲ್ಲಿ ಮೈಸೂರಿನಿಂದ ಅತ್ತೆ ವೀಡಿಯೋ ಕಾಲ್ ಮಾಡಿದರು. ಮಗಳ ಮೊಣಕೈವರೆಗೆ ಹತ್ತಿದ್ದ ಮಸಿ ನೋಡಿ ಗಾಬರಿಯಾದರು.

“ಏನ್ರೀ ಅಳಿಯಂದ್ರೇ, ಡಾಕ್ಟರ್ ಓದ್ಸಿ ಕೊಟ್ಟಿದ್ದು ನಾವು. ಮೆಕ್ಯಾನಿಕ್ ಮಾಡ್ಬಿಟ್ರಲ್ಲ!”

“ನಾನಲ್ಲ ಅತ್ತೆ, ನಾನು ಬರೀ ಟಾರ್ಚು,” ಎಂದೆ. ಆ ಕಡೆ ಮಾವ ನಕ್ಕದ್ದು ಕೇಳಿಸಿತು. ಅವರಿಗೆ ಅರ್ಥವಾಗಿತ್ತು.

ತೊಂದರೆ ಇಲ್ಲದೆ ಇರಲಿಲ್ಲ. ಗ್ಯಾರೇಜಿನಲ್ಲಿ ಪೆಟ್ರೋಲು ಡಬ್ಬಿ ತೆರೆದಿಟ್ಟ ವಾರ ಅಕ್ಕಿ ಮೂಟೆಗೂ ಅದರ ಘಾಟು ಹತ್ತಿತು. ಊಟಕ್ಕೆ ಕರೆದಿದ್ದ ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಬಿಸಿಬೇಳೆಭಾತನ್ನು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, “ಆಂಟಿ, ಇದಕ್ಕೆ ಹೊಸ ಮಸಾಲೆ ಹಾಕಿದ್ದೀರಾ?” ಎಂದು ಕೇಳಿದ. ಪಾಪ, ಎರಡನೇ ಸಲವೂ ಬಡಿಸಿಕೊಂಡ. ಹಸಿದ ವಿದ್ಯಾರ್ಥಿಗಳಂಥ ಅತಿಥಿಗಳು ಬೇರೆ ಇಲ್ಲ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬೈಕನ್ನು ಮನೆ ಮುಂದಕ್ಕೆ ತಳ್ಳಿಕೊಂಡು ಬಂದೆವು. ಹೊಸ ಚೈನು, ಹೊಸ ಟೈರು, ಹೊಸ ಕೆಂಪು. ಟ್ಯಾಂಕಿನಿಂದ ಪೆಟ್ರೋಲು ಬಿಡುವ ನಲ್ಲಿ ತೆರೆಯುವ ಕೆಲಸ ನನಗೆ ಹೇಳಿ, ಅವಳು ಕಿಕ್ ಹೊಡೆದಳು. ಬೈಕು ಕೆಮ್ಮಲೂ ಇಲ್ಲ. ಇಪ್ಪತ್ತು ಸಲ ಅವಳು, ಇಪ್ಪತ್ತು ಸಲ ನಾನು. ಅವಳ ಮುಖ ಪರೀಕ್ಷೆಯ ಫಲಿತಾಂಶ ಬಂದ ದಿನದ ಹಾಗಾಗುತ್ತ ಬಂತು. ನಾನು ಏನಾದರೂ ಸಮಾಧಾನ ಹೇಳಬೇಕೆಂದುಕೊಂಡೆ, ಉಸಿರಿರಲಿಲ್ಲ.

ಎದುರು ಮನೆಯಲ್ಲಿ ಮುದುಕರೊಬ್ಬರಿದ್ದರು, ಇಲ್ಲಿಯವರೇ, ಒಂಟಿ. ಮೂರು ವರ್ಷದಲ್ಲಿ ನಮ್ಮ ಮಾತು ಕೈ ಬೀಸುವುದರಾಚೆ ಹೋಗಿರಲಿಲ್ಲ. ಅವರು ಗಿಡಕ್ಕೆ ನೀರು ಬಿಡುತ್ತಿದ್ದ ಪೈಪನ್ನು ಕೆಳಗೆ ಹಾಕಿ ರಸ್ತೆ ದಾಟಿ ಬಂದರು. ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಪೆಟ್ರೋಲಿನ ನಲ್ಲಿಯನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದರು. ತೆರೆಯುತ್ತಿದ್ದೇನೆ ಎಂದುಕೊಂಡು ನಾನು ಅದನ್ನು ಭದ್ರವಾಗಿ ಮುಚ್ಚಿದ್ದೆ. ನನ್ನ ಹೆಂಡತಿ ನನ್ನನ್ನು ನೋಡಲಿಲ್ಲ. ಅವಳಿಗೆ ಆಮೇಲೆ ನೋಡಲು ಬೇಕಾದಷ್ಟು ಸಮಯವಿತ್ತು.

ಎರಡನೇ ಕಿಕ್ಕಿಗೆ ಬೈಕು ‘ಡುಬು ಡುಬು’ ಎಂದಿತು. ನೀಲಿ ಹೊಗೆ ಬಂತು, ಆಮೇಲೆ ಹೊಗೆ ತಿಳಿಯಾಯಿತು. ಅವಳು ಮಸಿಗೈಯಲ್ಲೇ ಬಾಯಿ ಮುಚ್ಚಿಕೊಂಡು ಕುಣಿದಳು.

ಮುದುಕರು ಮೂವತ್ತು ವರ್ಷ ಪೋಸ್ಟ್‌ಮನ್ ಆಗಿದ್ದವರಂತೆ. ಅದೂ ಇಂಥದ್ದೇ ಬೈಕಿನಲ್ಲಿ, ಇದೇ ಸುತ್ತಿನ ಬೀದಿಗಳಲ್ಲಿ. ಒಂದು ಸುತ್ತು ಹೋಗಿಬರಲೇ ಎಂದು ಇಂಗ್ಲಿಷಿನಲ್ಲಿ ತುಂಬ ಸಂಕೋಚದಿಂದ ಕೇಳಿದರು. ಬೈಕಿಗೆ ರಿಜಿಸ್ಟ್ರೇಷನ್ ಇಲ್ಲವಲ್ಲ ಎಂದು ನಾನು ಕಾನೂನು ಹೇಳಿದೆ. ಮೂವತ್ತು ವರ್ಷ ರಸ್ತೆಗಿಂತ ಹುಲ್ಲಿನ ಮೇಲೇ ಹೆಚ್ಚು ಓಡಿಸಿದ್ದೇನೆ ಎಂದು ಅವರು ನಕ್ಕರು. ಹೆಂಡತಿ ನನ್ನ ಕಾನೂನನ್ನು ಪಕ್ಕಕ್ಕೆ ಸರಿಸಿ, “ಹೋಗ್ಬನ್ನಿ ಅಂಕಲ್,” ಎಂದು ಕನ್ನಡದಲ್ಲೇ ಹೇಳಿದಳು. ಅವರಿಗೆ ಅರ್ಥವಾಯಿತು.

ನಮ್ಮ ಬೀದಿ ಮುಂದೆ ಎಲ್ಲಿಗೂ ಹೋಗುವುದಿಲ್ಲ, ಹದಿನಾಲ್ಕು ಮನೆಗೆ ಮುಗಿಯುತ್ತದೆ. ಮುದುಕರು ಕಾಲುದಾರಿಯ ಪಕ್ಕದ ಹುಲ್ಲಿನ ಮೇಲೆ ನೆಟ್ಟಗೆ ಕೂತು ಹೊರಟರು. ಮೊದಲ ಮನೆಯ ಅಂಚೆ ಡಬ್ಬಿ ಬಂದಾಗ ಬೈಕು ನಿಧಾನವಾಯಿತು. ಅವರ ಎಡಗೈ ಡಬ್ಬಿಯ ಕಡೆ ಚಾಚಿತು, ಖಾಲಿ ಕೈ, ಹಿಂದೆ ಬಂತು. ಎರಡನೆಯ ಮನೆ, ಮೂರನೆಯ ಮನೆ, ಹಾಗೆಯೇ. ಈ ಬೈಕಿಗೆ ಕ್ಲಚ್ ಹಿಡಿಯಬೇಕಿಲ್ಲವಾದ್ದರಿಂದ ಎಡಗೈ ಯಾವಾಗಲೂ ಬಿಡುವು. ಹದಿನಾಲ್ಕು ಮನೆಗೂ ಇಲ್ಲದ ಕಾಗದ ಹಾಕಿ ವಾಪಸು ಬಂದು ಇಳಿದರು. ತಾವು ಹಾಗೆ ಮಾಡಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ಎರಡನೇ ಗೇರು ಸ್ವಲ್ಪ ಬಿಗಿ, ಎಣ್ಣೆ ಬದಲಾಯಿಸಿ ಎಂದಷ್ಟೇ ಹೇಳಿ, ಹರಿದು ಹೋಗುತ್ತಿದ್ದ ನೀರು ನಿಲ್ಲಿಸಲು ಓಡಿದರು.

ಅದೇ ವರ್ಷ ಅವಳು ಮತ್ತೆ ಕೈಕೆಲಸದ ಪರೀಕ್ಷೆಗೆ ಕೂತಳು. ಹೊರಗೆ ಕಾಯುತ್ತಿದ್ದ ನನಗೆ ಅವಳ ನಡಿಗೆಯಲ್ಲೇ ಗೊತ್ತಾಯಿತು. “ನಿಮ್ ಬೋಲ್ಟ್‌ಗಿಂತ ಸುಲಭ ಇತ್ತು,” ಎಂದಳು. ಪಾಸಾದಳು. ಈಗ ಅದೇ ಕ್ಲಿನಿಕ್ಕಿನಲ್ಲಿ ಡಾಕ್ಟರಾಗಿ ಎರಡನೇ ಕುರ್ಚಿ ಅವಳದು. ಕೊಳವೆ ಹಿಡಿಯುವ ಹುಡುಗಿಗೆ ಪ್ರತಿ ಗಂಟೆಗೊಮ್ಮೆ ಕೂತುಕೊಳ್ಳಲು ಹೇಳುತ್ತಾಳಂತೆ.

ಉಳಿದದ್ದು ಲೈಸೆನ್ಸು. ಇಲ್ಲಿ ಬೈಕು ಓಡಿಸಲು ಬೇರೆಯದೇ ತರಬೇತಿ, ಪರೀಕ್ಷೆ. ಇಬ್ಬರೂ ಒಟ್ಟಿಗೆ ಸೇರಿದೆವು. ಅನುಭವಸ್ಥನಾದ ನಾನು ದಾರಿಯಲ್ಲಿ ಅವಳಿಗೆ ಹತ್ತಾರು ಸಲಹೆ ಕೊಟ್ಟೆ. ಅವಳು ಪಾಸು, ನಾನು ಫೇಲು. ತಿರುಗುವ ಮುನ್ನ ನಾನು ಭುಜದ ಮೇಲಿಂದ ಹಿಂದೆ ನೋಡಲೇ ಇಲ್ಲವಂತೆ. ನಮ್ಮೂರಲ್ಲಿ ಹಿಂದಿನವನು ಹಾರ್ನ್ ಹೊಡೆದು ತಾನಿದ್ದೇನೆಂದು ತಾನೇ ಹೇಳುತ್ತಾನೆ ಎಂದು ವಾದಿಸಿದೆ. ತರಬೇತಿಯವನು ಸೌಜನ್ಯದಿಂದ ಇನ್ನೊಂದು ತಾರೀಖು ಕೊಟ್ಟ. ನಾನು ಇನ್ನೂ ಹೋಗಿಲ್ಲ.

ರಿಜಿಸ್ಟ್ರೇಷನ್ ಆದ ಮೊದಲ ಶನಿವಾರ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಟಳು. ಬೈಕಿಗೆ ಒಂದೇ ಸೀಟು, ಹಿಂದೆ ಕೂರಲು ಜಾಗವಿಲ್ಲ. ಗೇಟಿನಲ್ಲಿ ನಿಂತು ಕೈ ಬೀಸಿದೆ. ಹತ್ತು ನಿಮಿಷದ ಕೆಲಸ. ಒಂದು ಗಂಟೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಗ್ಯಾಸ್ ಆರಿಸಿ ಕಾರು ತೆಗೆದುಕೊಂಡು ಹುಡುಕುತ್ತ ಹೋದೆ. ದಾರಿಯಲ್ಲಿ ಕಂಡ ಪ್ರತಿ ಕೆಂಪು ವಸ್ತುವಿಗೂ ಬ್ರೇಕ್ ಒತ್ತಿದೆ. ಕೊನೆಗೆ, ಇಲ್ಲಿಯವರು ‘ಸರ್ವೋ’ ಅನ್ನುವ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದಳು. ಬೈಕಿನ ಸುತ್ತ ಮೂವರು ಗಡ್ಡದ ಆಸಾಮಿಗಳು ಕೈಕಟ್ಟಿ ನಿಂತಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ಎಮ್ಮೆಯ ಗಾತ್ರದ ಬೈಕು. ಇವಳು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಬ್ಯುರೇಟರ್ ತೋರಿಸಿ ಪಾಠ ಮಾಡುತ್ತಿದ್ದಳು.

ನನ್ನನ್ನು ನೋಡಿ ಕೈ ಎತ್ತಿದಳು. “ರೀ, ಇವರಿಗೂ ಇದೇ ಪ್ರಾಬ್ಲಮ್ಮಂತೆ. ಸರ್ವೋಗೆ ಬಂದು ಸಿಕ್ಕಾಕ್ಕೊಂಡ್ಬಿಟ್ಟೆ. ಅಂಗಡಿ ಮುಚ್ಚೋಕ್ ಮುಂಚೆ ನೀವೇ ಸೊಪ್ಪು ತಂದ್ಬಿಡಿ. ಹಾಗೇ ನಿಂಬೆಹಣ್ಣೂ.”

ನಾನು ಕಾರಿಗೆ ವಾಪಸು ಹೋಗಿ, ಹೊರಡುವ ಮುನ್ನ ಭುಜದ ಮೇಲಿಂದ ಹಿಂದೆ ನೋಡಿ, ಸೊಪ್ಪು ತರಲು ಹೊರಟೆ.