‘ಬರ್ತೇನಿ’ ಅನ್ನದ ಸರ್

ಬೇಸಿಗೆ ಬಂತೆಂದರೆ ಮಿರಜಿನ ಓಣಿಗಳಲ್ಲಿ ಖಾರ ಕುಟ್ಟುವ ಯಂತ್ರಗಳ, ಡಂಕಗಳ ಸದ್ದು ಶುರುವಾಗುತ್ತದೆ. ವರ್ಷದ ಖಾರ ಕುಟ್ಟಿಸಿಕೊಳ್ಳಲು ಹೆಂಗಸರು ಡಬ್ಬಿ ಹಿಡಿದು ಸರದಿಯಲ್ಲಿ ಕೂರುತ್ತಾರೆ, ಸೀನುತ್ತಾರೆ, ಸೊಸೆಯರ ಬಗ್ಗೆ ಮಾತಾಡುತ್ತಾರೆ, ಮತ್ತೆ ಸೀನುತ್ತಾರೆ. ಮೊನ್ನೆ ನಾನೂ ಹಾಗೇ ಕೂತಿದ್ದೆ. ಡಂಕ ನಡೆಸುವ ಕಾಕು ಪಕ್ಕದ ಬೇಡಗ ಊರಿನವಳು. ನನ್ನ ಮುಂದಿದ್ದವರ ಮಸಾಲೆಗೆ ಅವಳು ತಿರಫಳ ಎಂಬ ಒಣ ಮಸಾಲೆಕಾಯಿ ಒಂದು ಹಿಡಿ ಹಾಕಿದಳು. ಅದರ ಮೇಲೆ ಕಬ್ಬಿಣದ ಒನಕೆ ಬಿದ್ದದ್ದೇ ತಡ, ಆ ವಾಸನೆ ಎದ್ದಿತು... ನಿಂಬೆಸಿಪ್ಪೆಯಂಥದ್ದು, ಆದರೆ ಮೂಗಿನೊಳಗೆ ಜುಮ್ಮೆನ್ನುವಂಥದ್ದು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದವಳು ಖಾರದ ಘಾಟು ಅಂದುಕೊಂಡು ತನ್ನ ಸೆರಗು ಕೊಟ್ಟಳು. ನಾನು ಇಸಿದುಕೊಂಡು ಒರೆಸಿಕೊಂಡೆ.

ಅಂಥದೇ ಕಾಯಿಯ ಚಟ್ನಿಯನ್ನು ನಾನು ಮೊದಲು ತಿಂದದ್ದು ನೇಪಾಳದ ಒಂದು ಗುಡ್ಡದ ಹಳ್ಳಿಯಲ್ಲಿ, ನಮ್ಮ ಸರ್ ಜೊತೆ.

ಸರ್ ಮಿರಜಿನ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಊರು ಮಾಲಗಾಂವ, ಮನೆಯಲ್ಲಿ ದ್ರಾಕ್ಷಿ ತೋಟ. ಪಾಠವೆಲ್ಲ ಮರಾಠಿಯಲ್ಲಿ. ಆದರೆ ಕರ್ನಾಟಕದ ಗಡಿಗೆ ಅಂಟಿದ ಆರಗದಿಂದ ಬಸ್ಸಿನಲ್ಲಿ ಬರುವ ನನ್ನನ್ನು ವರಾಂಡದಲ್ಲಿ ಕಂಡರೆ ಸಾಕು, “ಏನವಾ, ಬಸ್ಸಿನ್ಯಾಗ ಜಾಗಾ ಸಿಕ್ತೇನ ಇವತ್ತರ?” ಎಂದು ಕನ್ನಡ ಬಂದುಬಿಡುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಸಮಾರಂಭಗಳಲ್ಲಿ ಯಾರಾದರೂ ಎದ್ದು ನಿಂತು ‘ವಿದ್ಯಾರ್ಥಿಗಳೇ ಇವರ ಮಕ್ಕಳು’ ಎಂದು ಭಾಷಣ ಬಿಗಿಯುತ್ತಿದ್ದರು. ಆ ಮಾತು ಎಷ್ಟು ಹಳಸಿತ್ತೆಂದರೆ ಹೇಳುವವರ ಬಾಯಿಗೇ ರುಚಿ ಇರಲಿಲ್ಲ. ಸರ್ ಮೀಸೆ ತುರಿಸಿಕೊಂಡು ಸುಮ್ಮನೆ ನಗುತ್ತಿದ್ದರು.

ಆ ವರ್ಷ ನಮ್ಮ ಕಾಲೇಜಿನ ತಂಡ ಸೇವೆ ಮತ್ತು ಸಾಹಸ ಶಿಬಿರವೆಂದು ನೇಪಾಳಕ್ಕೆ ಹೊರಟಿತು. ಗುಡ್ಡ ಕುಸಿದು ಬಿದ್ದ ಶಾಲೆಯ ಗೋಡೆ ಕಟ್ಟುವುದು ಸೇವೆ, ಆಮೇಲೆ ಹಿಮದವರೆಗೆ ಹತ್ತುವುದು ಸಾಹಸ. ವಿದೇಶಕ್ಕೆ ಹೋಗುತ್ತೇನೆಂದು ನಾನು ಮನೆಯಲ್ಲಿ ಜಂಬ ಕೊಚ್ಚಿಕೊಂಡರೆ ನಮ್ಮಜ್ಜಿ, “ಗಡಿ ದಾಟೂದು ನಮಗೇನ ಹೊಸಾದೇನ? ನಮ್ಮ ಎಮ್ಮಿ ದಿನಾ ದಾಟತಾವು” ಎಂದು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಮಿರಜಿನಿಂದ ರೈಲು, ಗಡಿಯಿಂದ ಬಸ್ಸು, ಕೊನೆಗೆ ಎಲುಬು ಸಡಿಲಿಸುವ ಜೀಪು. ಹಳ್ಳಿ ಮುಟ್ಟಿದಾಗ ರೊಟ್ಟಿಯೆಲ್ಲ ಪುಡಿಯಾಗಿತ್ತು.

ಸರ್ ಇಳಿದುಕೊಂಡ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಸೊಸೆ, ಆ ಸೊಸೆಯ ಪುಟ್ಟ ಮಗಳು. ಆಗಿನ್ನೂ ತೊದಲು ಮಾತಿನ ಕೂಸು. ಮೊದಲನೆಯ ದಿನ ನಾವು ಅಂಗಳದಲ್ಲಿ ಸಾಮಾನು ಇಳಿಸುತ್ತಿದ್ದಾಗ ಅದು ಮೆಟ್ಟಿಲ ಮೇಲೆ ನಿಂತು, ಸರ್ ಕಡೆ ಕೈ ಚಾಚಿ, “ಬಾ... ಬಾ...” ಎಂದು ಕರೆಯಿತು. ಮರಾಠಿ ಹುಡುಗರು ಯಾರೂ ಅಲುಗಲಿಲ್ಲ. ಸರ್ ಮಾತ್ರ ಕೈಯಲ್ಲಿದ್ದ ಚೀಲ ಬಿಟ್ಟು, “ಬಂದ್ನವಾ, ಬಂದ್ನಿ” ಎನ್ನುತ್ತ ಹೋಗಿ ಎತ್ತಿಕೊಂಡರು. ನನ್ನ ಕಡೆ ತಿರುಗಿ, “ನೋಡು, ಇಲ್ಲೀ ಮಟಾ ಕನ್ನಡ ಬಂದೈತಿ” ಎಂದರು. ಆಮೇಲೆ ಅದೇ ರೂಢಿಯಾಯಿತು. ಕಲ್ಲು ಹೊರುತ್ತಿರಲಿ, ಊಟ ಮಾಡುತ್ತಿರಲಿ, ಮೇಲಿನಿಂದ ‘ಬಾ’ ಎಂದರೆ ಸರ್ ಹಾಜರು.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಆ ಹಳ್ಳಿಯ ಮಾಸ್ತರರು ನಗುತ್ತ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವರ ಭಾಷೆಯಲ್ಲಿ ‘ಬಾ’ ಅಂದರೆ ಅಪ್ಪ. ಕೂಸು ಕೈಯಲ್ಲಿದ್ದಾಗಲೇ ಅದರ ಅಪ್ಪ ದುಡಿಯಲು ಅರಬ್ ದೇಶಕ್ಕೆ ಹೋಗಿದ್ದ. ಅವನ ಫೋಟೋದಲ್ಲಿ ಹೀಗೇ ದಪ್ಪ ಮೀಸೆ, ಹೀಗೇ ಕನ್ನಡಕ. ಹುಡುಗರೆಲ್ಲ ಹೋ ಎಂದು ನಕ್ಕರು. ಸರ್ ನಗಲಿಲ್ಲ. ಚಹಾದ ಲೋಟವನ್ನು ಕೆಳಗಿಟ್ಟರು.

ಅಷ್ಟರಲ್ಲಿ ಮೇಲಿನಿಂದ ಮತ್ತೆ ‘ಬಾ’ ಎಂದು ಕೇಳಿತು. ಇನ್ನು ಇವರು ಏನು ಮಾಡುತ್ತಾರೆಂದು ನಾವೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆವು. ಸರ್ ಎದ್ದು ಹೋದರು. ಹೋಗುವಾಗ ನನಗಷ್ಟೇ ಕೇಳುವಂತೆ ಹೇಳಿದರು: “ಅಕಿ ಅಕಿ ಭಾಷಾದಾಗ ಕರೀತಾಳ, ನಾ ನನ್ನ ಭಾಷಾದಾಗ ಕೇಳ್ತೇನಿ. ಇಬ್ಬರದೂ ತಪ್ಪಿಲ್ಲವಾ.”

ಹಿಮ ನೋಡಲು ಹತ್ತಿದ ದಿನ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಸರ್ ತಮ್ಮ ಥರ್ಮಾಸಿಗೆ ಹಿಮ ತುಂಬುತ್ತಿದ್ದರು, ಕೂಸಿಗೆ ತೋರಿಸಲು. ಇಳಿದು ಬರುವುದರೊಳಗೆ ಅದು ನೀರಾಗಿತ್ತು. ಕೂಸು ಆ ನೀರನ್ನೇ ಮುಚ್ಚಳದಲ್ಲಿ ಹಾಕಿಸಿಕೊಂಡು ಕುಡಿಯಿತು. ಸರ್ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಆಮೇಲೆ ನಾನು ಕಾಣಲಿಲ್ಲ.

ಹೊರಡುವ ದಿನ ಬಂತು. ನಮ್ಮ ಕಡೆ ಹೊರಡುವಾಗ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ. ಹೆಣ ಹೋಗುತ್ತದೆ, ಮನುಷ್ಯರು ಬರುತ್ತಾರೆ ಎಂದು ನಮ್ಮಜ್ಜಿಯ ಲೆಕ್ಕ. ಮರಾಠಿಯವರೂ ‘ಯೇತೋ’ ಎಂದೇ ಹೊರಡುತ್ತಾರೆ. ಕೂಸು ಸರ್ ಬೆರಳು ಬಿಡದೆ ಅಳುತ್ತಿತ್ತು. ಸರ್ ಆ ಮನೆಯ ಅಜ್ಜಿಗೆ ಕೈಮುಗಿದು ‘ಬರ್ತೇನಿ’ಯನ್ನೇ ಹಿಂದಿ ಮಾಡಿ, “ಆತಾ ಹೂಂ” ಎಂದರು. ಮಾಸ್ತರರು ಬಗ್ಗಿ ಕೂಸಿನ ಕಿವಿಯಲ್ಲಿ ಏನೋ ಹೇಳಿದರು. ಅಳು ನಿಂತಿತು. ಅದು ತಾನಾಗಿಯೇ ಬೆರಳು ಬಿಟ್ಟು, ಮೂಗು ಒರೆಸಿಕೊಂಡು, ಮೆಟ್ಟಿಲ ಮೇಲೆ ಹೋಗಿ ಕೂತಿತು.

ಕೆಳಗಿನ ತಿರುವಿನಿಂದ ನೋಡಿದರೆ ಇನ್ನೂ ಕೂತಿತ್ತು, ದಾರಿಯನ್ನೇ ನೋಡುತ್ತ.

“ಏನ ಹೇಳಿದ್ರಿ ಕೂಸಿಗೆ?” ಎಂದು ಸರ್ ಕೇಳಿದರು. ಜೀಪಿನವರೆಗೆ ಬಂದಿದ್ದ ಮಾಸ್ತರರು, ‘ನೀವು ಹೇಳಿದ್ದನ್ನೇ. ಬರ್ತಾರಂತೆ, ಅಳಬೇಡ ಅಂದೆ’ ಎಂದರು. ಸರ್ ನಿಂತುಬಿಟ್ಟರು. “ತಡೀರಿ, ಹೇಳಿ ಬರ್ತೇನಿ” ಎಂದು ಹಿಂದಕ್ಕೆ ಕಾಲು ತೆಗೆದವರು ಅಲ್ಲೇ ನಿಂತರು. “ಏನಂತ ಹೇಳ್ಲಿ?” ಎಂದು ನನ್ನನ್ನು ಕೇಳಿದರು. ಜೀಪಿನವನು ಹಾರ್ನ್ ಹೊಡೆಯುತ್ತಲೇ ಇದ್ದ, ಸರ್ ಹತ್ತಿದರು. ಗುಡ್ಡ ಇಳಿಯುವವರೆಗೆ ಸರ್ ಆಡಿದ್ದು ಒಂದೇ ಮಾತು: “ಇನ್ನೂ ಕುಂತಿರ್ತಾಳ.”

ಮಿರಜಿಗೆ ಬಂದ ಮೇಲೆ ಅವರು ‘ಬರ್ತೇನಿ’ ಅನ್ನುವುದನ್ನೇ ಬಿಟ್ಟರು. ಎಲ್ಲಿಂದ ಎದ್ದರೂ ‘ಹೋಗ್ತೇನಿ’. ಕೂಸಿಗೆ ಹೆಸರಿಡುವ ಬಾರಸೆಯ ಮನೆಯಲ್ಲೂ ಹಾಗೆಯೇ ಅಂದು ಬೈಸಿಕೊಂಡರು. ಒಮ್ಮೆ ಆರಗದ ನಮ್ಮ ಮನೆಗೆ ಬಂದವರು ಚಹಾ ಕುಡಿದು, “ಹೋಗ್ತೇನ್ರಿ ಅಜ್ಜಿ” ಎಂದು ಎದ್ದಾಗ ನಮ್ಮಜ್ಜಿ ಸಿಟ್ಟಿಗೆದ್ದಳು.

“ಬಿಡ್ತು ಅನ್ರಿ ಮಾಸ್ತರ. ಕಲತವರು ಹಿಂಗ ಮಾತಾಡ್ತಾರೇನ?”

“ಬರೂದು ಖಾತ್ರಿ ಇಲ್ಲದ ಬರ್ತೇನಿ ಅಂತ ಹೆಂಗ ಅನ್ಲಿ ಅಜ್ಜಿ?” ಎಂದರು ಸರ್, ತಣ್ಣಗೆ.

ಮತ್ತೆ ಆ ಹಳ್ಳಿಗೆ ಹೋಗಬೇಕೆಂದು ಪ್ರತಿ ಬೇಸಿಗೆಯಲ್ಲೂ ಅನ್ನುತ್ತಿದ್ದರು. ಒಂದು ವರ್ಷ ಕಾಲೇಜು ಒಪ್ಪಲಿಲ್ಲ, ಒಂದು ವರ್ಷ ಅಲ್ಲಿಯ ದಾರಿಯೇ ಕುಸಿಯಿತು, ಆಮೇಲೆ ಅವರ ಎದೆಯೇ ಕೈಕೊಟ್ಟಿತು. ನಾನು ಓದು ಮುಗಿಸಿ ಇಲ್ಲೇ ಶಾಲೆಯೊಂದಕ್ಕೆ ಸೇರಿದ್ದೆ. ಆಪರೇಶನ್ನಿನ ಹಿಂದಿನ ದಿನ ಆಸ್ಪತ್ರೆಗೆ ಹೋದೆ.

“ಅಕಿ ಈಗ ಸಾಲಿಗೆ ಹೋಗ್ತಿರ್ಬೇಕಲಾ” ಎಂದರು. “ನಾವು ಕಟ್ಟಿದ ಗ್ವಾಡಿ ಒಳಗ ಕುಂತು ಬರೀತಿರ್ಬೇಕು.”

“ಹೂನ್ರಿ ಸರ್. ಮರತಿರ್ತಾಳ ಎಲ್ಲಾ.”

“ಮರತಿದ್ರ ಛಲೋ ಆತು ಬಿಡು” ಎಂದರು. ನಾನು ಎದ್ದು, “ಬರ್ತೇನ್ರಿ ಸರ್” ಎಂದೆ. “ಬಾ” ಎಂದರು. ಅಂದವರು ಕಿಟಕಿ ಕಡೆ ಮುಖ ತಿರುಗಿಸಿಕೊಂಡರು.

ಅದೇ ಕೊನೆ. ಸರ್ ತೀರಿದ ಮೇಲೆ ಮಾತಾಡಿಸಿ ಬರಲು ಮಾಲಗಾಂವದ ಮನೆಗೆ ಹೋದಾಗ ಸರ್ ಹೆಂಡತಿ ಅಳುತ್ತಿರಲಿಲ್ಲ. ನನ್ನ ಕೈ ಹಿಡಿದು ಕೂರಿಸಿಕೊಂಡರು.

“ಆಪರೇಶನ್ನಿಗೆ ಒಳಗ ಒಯ್ಯೂ ಮುಂದ ‘ಬರ್ತೇನಿ’ ಅಂದ್ರವಾ” ಎಂದರು. “ಎಷ್ಟ ವರ್ಷ ಆಗಿತ್ತು ಅವರ ಬಾಯಾಗ ಆ ಮಾತ ಕೇಳಿ. ಅದಕ್ಕ ನನಗ ಧೈರ್ಯಾ ಬಂತು. ಎಲ್ಲಾರೂ ದೇವರ ಹೆಸರ ತಗೋಂತಿದ್ರು, ನಾ ಆರಾಮ ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ, ಬಾಗಿಲಾ ನೋಡಕೋಂತ. ಸುಳ್ಳ ಹೇಳೂ ಮನಶ್ಯಾ ಅಲ್ಲಲಾ...”

ನಾನು ಆ ಮನೆಯಿಂದ ಏಳುವಾಗ ಬರ್ತೇನಿ ಅನ್ನಬೇಕೋ ಹೋಗ್ತೇನಿ ಅನ್ನಬೇಕೋ ತಿಳಿಯದೆ ಸುಮ್ಮನೆ ಎದ್ದು ಬಂದೆ. ಇವತ್ತಿಗೂ ಆ ದುಃಖ ಇಳಿದಿಲ್ಲ. ಸರ್ ಇನ್ನು ಬರುವುದಿಲ್ಲವೆಂದು ಆ ಕೂಸಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ.

ಮೊನ್ನೆ ನನ್ನ ಪಾಳಿ ಬಂದಾಗ ಕಾಕು, “ತಿರಫಳ ಹಾಕ್ಲೇನವಾ?” ಎಂದು ಕೇಳಿದಳು. ನಮ್ಮ ಮನೆಯ ಖಾರಕ್ಕೆ ಅದನ್ನು ಹಾಕುವ ವಾಡಿಕೆ ಇಲ್ಲ. ಆದರೂ ಹಾಕ್ರಿ ಎಂದೆ. ಒನಕೆ ಬೀಳುತ್ತಿರುವಷ್ಟು ಹೊತ್ತೂ ಮುಖ ತಿರುಗಿಸಲಿಲ್ಲ. ಬಿಸಿ ಡಬ್ಬಿ ಎತ್ತಿಕೊಂಡು ಹೊಸ್ತಿಲು ದಾಟುವಾಗ ರೂಢಿಯಂತೆ ಬಾಯಿಗೆ ಬಂದೇ ಬಂತು, “ಬರ್ತೇನ್ರಿ ಕಾಕು.”

“ಹೂಂ, ಬಾ” ಎಂದಳು ಅವಳು, ಜರಡಿಯಿಂದ ತಲೆ ಎತ್ತದೆ.

ನಾನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಮೆಟ್ಟಿಲ ಮೇಲೆಯೇ ದಾರಿ ನೋಡುತ್ತ ಸ್ವಲ್ಪ ಹೊತ್ತು ಕೂತೆ.